ಶಕ್ತ್ಯನುಸಾರ ತಪಸ್ಸೂ ಮಧುಮೇಹಿಯ ಉಪವಾಸವೂ



ಷೋಡಶಕಾರಣ ಭಾವನೆಗಳಲ್ಲಿ ತ್ಯಾಗ ಮತ್ತು ತಪಸ್ಸು ಇವೆರಡಕ್ಕೆ ಮಾತ್ರ ತತ್ತ್ವಾರ್ಥಸೂತ್ರಕಾರರು ‘ಶಕ್ತಿಗೆ ತಕ್ಕಂತೆ’ ಎಂಬ ವಿಶೇಷಣವನ್ನು ಸೇರಿಸಿದ್ದಾರೆ. ಮೂವತ್ತು ವರ್ಷಗಳ ಕಾಲ ಮಕ್ಕಳಿಗೆ ಈ ಸೂತ್ರವನ್ನು ಕಂಠಪಾಠ ಮಾಡಿಸಿದವನು ನಾನು. ಆದರೆ ಆ ವಿಶೇಷಣದ ಅರ್ಥ ನನಗೆ ಮನದಟ್ಟಾದದ್ದು ಕಳೆದ ಅನಂತ ಚತುರ್ದಶಿಯ ಸಂಜೆ, ಚಿಕ್ಕಲಸಂದ್ರದ ನಮ್ಮ ಮನೆಯ ನಡುಮನೆಯಲ್ಲಿ.

ನನ್ನ ಮನೆಯಾಕೆಗೆ ಹನ್ನೆರಡು ವರ್ಷಗಳಿಂದ ಮಧುಮೇಹವಿದೆ. ಅಂದು ಅವಳು ಉಪವಾಸದ ನಿಯಮ ಹಿಡಿದಿದ್ದಳು. ಔಷಧಕ್ಕೆ ದೋಷವಿಲ್ಲವೆಂದು ಬಗೆದು, ಬೆಳಿಗ್ಗೆ ಗ್ಲಿಮೆಪಿರೈಡ್ ಮಾತ್ರೆಯನ್ನು ಗುಟುಕು ನೀರಿನೊಡನೆ ನುಂಗಿದ್ದಳು. ಅನ್ನವನ್ನು ಬಿಟ್ಟಳು, ಮಾತ್ರೆಯನ್ನು ಬಿಡಲಿಲ್ಲ. ಸಂಜೆ ಸ್ವಾಧ್ಯಾಯಕ್ಕೆ ಕುಳಿತಾಗ ಅವಳ ಕೈ ನಡುಗಿತು, ಮೈ ಬೆವರಿತು, ಮಾತು ತೊದಲಿತು. ಸಕ್ಕರೆ ನೀರು ತಂದರೆ ಬಾಯಿ ಬಿಗಿದುಕೊಂಡು, “ನಿಯಮವಿದೆ” ಎಂದಳು. ಹೇಳಲು ನಾಚಿಕೆಯಾಗುತ್ತದೆ, ನಾನೂ ಎರಡು ನಿಮಿಷ ಹಿಂಜರಿದೆ. ಸೊಸೆಯೇ ಮುಂದೆ ಬಂದು, “ಮಾವಾ, ಮೊದಲು ಅತ್ತೆ ಉಳಿಯಲಿ, ಪ್ರಾಯಶ್ಚಿತ್ತವನ್ನು ಆಮೇಲೆ ಕೇಳೋಣ” ಎಂದು ಕುಡಿಸಿದಳು. ಬೆರಳು ಚುಚ್ಚಿ ನೋಡಿದರೆ ಸಕ್ಕರೆ 48. ಎಪ್ಪತ್ತಕ್ಕಿಂತ ಕೆಳಗಿಳಿದರೆ ಅಪಾಯವೆಂದು ಅನಂತರ ವೈದ್ಯರು ತಿಳಿಸಿದರು.

ಆ ರಾತ್ರಿ ನನಗೆ ಸಮಂತಭದ್ರಾಚಾರ್ಯರ ಕಥೆ ನೆನಪಾಯಿತು. ದೇವಚಂದ್ರನ ರಾಜಾವಳಿ ಕಥೆಯಲ್ಲಿಯೂ ಅದು ಬಂದಿದೆ. ಎಷ್ಟು ಉಂಡರೂ ಹಸಿವು ತೀರದ ಭಸ್ಮಕ ವ್ಯಾಧಿಯಿಂದ ಬಳಲಿದ ಆಚಾರ್ಯರು ಸಲ್ಲೇಖನಕ್ಕೆ ಅನುಮತಿ ಬೇಡಿದಾಗ ಗುರುಗಳು ಒಪ್ಪಲಿಲ್ಲ. ಮುನಿವೇಷವನ್ನು ಬಿಟ್ಟಾದರೂ ರೋಗವನ್ನು ಕಳೆದುಕೊಂಡು ಮರಳಿ ದೀಕ್ಷೆ ವಹಿಸೆಂದು ಅಪ್ಪಣೆ ಮಾಡಿದರು. ಮಹಾಮುನಿಗೇ ಹೀಗಿರುವಾಗ ಗೃಹಸ್ಥರ ಪಾಡೇನು? ಅದೇ ಆಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ, ಪ್ರತೀಕಾರವಿಲ್ಲದ ರೋಗದಲ್ಲಿಯೇ ಸಲ್ಲೇಖನ ಉಚಿತವೆಂದಿದ್ದಾರೆ. ಮಧುಮೇಹಕ್ಕೆ ಪ್ರತೀಕಾರವುಂಟು. ಮಾತ್ರೆ ನುಂಗಿ ಉಪವಾಸ ಮಾಡಿ ಪ್ರಜ್ಞೆ ತಪ್ಪುವುದನ್ನು ತಪಸ್ಸೆಂದು ಕರೆಯಲಾಗದು.

2023ರಲ್ಲಿ ಪ್ರಕಟವಾದ ಐಸಿಎಂಆರ್ ಅಧ್ಯಯನದಂತೆ ನಮ್ಮ ದೇಶದಲ್ಲಿ 10.1 ಕೋಟಿ ಮಧುಮೇಹಿಗಳಿದ್ದಾರೆ. ನಮ್ಮ ಮನೆಗಳೂ ಇದರಿಂದ ಹೊರತಲ್ಲ. ದಶಲಕ್ಷಣ ಪರ್ವ ಮುಗಿದ ಮರುದಿನವೇ ರಕ್ತಪರೀಕ್ಷೆ ಮಾಡಿಸಿ, ಸಕ್ಕರೆ ಇಳಿಯಿತೆಂದು ಹಿಗ್ಗುವವರನ್ನು ಕಂಡಿದ್ದೇನೆ. ಮೇಷ್ಟರ ಮಾತಿನಲ್ಲಿ ಹೇಳುವುದಾದರೆ, ಬರಿಹೊಟ್ಟೆಯ ಸಕ್ಕರೆ ಅಂದಂದಿನ ಕಿರುಪರೀಕ್ಷೆ. ಎಚ್‌ಬಿಎ1ಸಿ ಎಂಬುದು ಹಿಂದಿನ ಎರಡು ಮೂರು ತಿಂಗಳ ಅಂಕಪಟ್ಟಿ. ಹತ್ತು ದಿನದ ಉಪವಾಸದಿಂದ ಅದು ಹೆಚ್ಚೇನೂ ಬದಲಾಗದು. ಬಹುಮಂದಿಗೆ ಅದು ಶೇಕಡಾ 7ರೊಳಗಿರಬೇಕೆನ್ನುತ್ತಾರೆ. ವೃದ್ಧರಿಗೆ ತುಸು ಸಡಿಲಿಕೆಯುಂಟು.

ಅಂಕಪಟ್ಟಿಯಲ್ಲಿ ಇನ್ನೊಂದು ವಿಷಯವಿದೆ, ರಕ್ತದ ಕೊಬ್ಬು. ಇನ್ಸುಲಿನ್ನಿನ ಆಜ್ಞೆ ದೇಹದಲ್ಲಿ ನಡೆಯದಾದಾಗ ಶೇಖರವಾದ ಕೊಬ್ಬು ಕರಗಿ ಯಕೃತ್ತಿಗೆ ಹರಿಯುತ್ತದೆ. ಯಕೃತ್ತು ಅದನ್ನು ಟ್ರೈಗ್ಲಿಸರೈಡ್ ರೂಪದಲ್ಲಿ ಮತ್ತೆ ರಕ್ತಕ್ಕೆ ಬಿಡುತ್ತದೆ. ಅದು ಏರಿದಂತೆ ಒಳ್ಳೆಯದೆನ್ನುವ ಎಚ್‌ಡಿಎಲ್ ಇಳಿಯುತ್ತದೆ. ಆದುದರಿಂದ ತುಪ್ಪವನ್ನು ಬಿಟ್ಟೆನೆಂದು ಪಾರಣೆಯ ದಿನ ರಾಶಿ ಅನ್ನವನ್ನೂ ಬೆಲ್ಲದ ಪಾಯಸವನ್ನೂ ಉಂಡವರಿಗೆ ಟ್ರೈಗ್ಲಿಸರೈಡ್ 150ನ್ನು ಮೀರಿದರೆ ಆಶ್ಚರ್ಯವಿಲ್ಲ. ಸಕ್ಕರೆ ಹತೋಟಿಗೆ ಬಂದರೆ ಇದು ಬಹುಮಟ್ಟಿಗೆ ಇಳಿಯುತ್ತದೆ. ಎಲ್‌ಡಿಎಲ್ ಮಾತ್ರ ಅಷ್ಟರಿಂದಲೇ ಬಗ್ಗುವುದಿಲ್ಲ. ಅದನ್ನು ನೂರರೊಳಗೆ, ಹೃದ್ರೋಗವಿದ್ದವರಲ್ಲಿ ಇನ್ನೂ ಕೆಳಗೆ, ಇಡಲು ತುಪ್ಪ ಬೆಣ್ಣೆಗಳ ಮಿತಿಯೂ ಅನೇಕರಿಗೆ ಸ್ಟ್ಯಾಟಿನ್ ಮಾತ್ರೆಯೂ ಬೇಕಾಗುತ್ತವೆ.

ಬಾಹ್ಯ ತಪಸ್ಸುಗಳು ಆರು. ನಾವು ಮೊದಲನೆಯದಾದ ಅನಶನವನ್ನೇ ತಪಸ್ಸೆಂದು ತಿಳಿದು, ಹೊಟ್ಟೆ ತುಂಬುವ ಮುನ್ನವೇ ಕೈ ತೊಳೆಯುವ ಅವಮೌದರ್ಯವನ್ನೂ ರಸಪರಿತ್ಯಾಗವನ್ನೂ ಕೈಲಾಗದವರ ಪಾಲಿಗೆ ಬಿಟ್ಟಿದ್ದೇವೆ. ಹಾಲು, ಮೊಸರು, ತುಪ್ಪ, ಎಣ್ಣೆ, ಸಿಹಿ, ಉಪ್ಪು ಎಂಬ ಆರು ರಸಗಳಲ್ಲಿ ಸಿಹಿಯನ್ನೂ ತುಪ್ಪವನ್ನೂ ವರ್ಷವಿಡೀ ಬಿಡುವುದು ಒಂದು ದಿನದ ಉಪವಾಸಕ್ಕಿಂತ ಕಠಿಣ. ಪ್ರಯತ್ನಿಸಿದವರನ್ನು ಕೇಳಿ ನೋಡಿ!

ಉಪವಾಸ ಮಾಡಲೇಬೇಕೆನ್ನುವವರು ಮುಂಚಿತವಾಗಿ ವೈದ್ಯರನ್ನು ಕಾಣಬೇಕು. ಮಾತ್ರೆಗಳೆಲ್ಲ ಒಂದೇ ಬಗೆಯವಲ್ಲ. ಮೆಟ್‌ಫಾರ್ಮಿನ್ ಒಂದರಿಂದಲೇ ಸಕ್ಕರೆ ಕುಸಿಯುವುದು ವಿರಳ. ಗ್ಲಿಮೆಪಿರೈಡ್ ಮತ್ತು ಇನ್ಸುಲಿನ್ನಿನಿಂದ ಕುಸಿಯಬಹುದು. ಮೂತ್ರದ ಮೂಲಕ ಸಕ್ಕರೆಯನ್ನು ಹೊರಹಾಕುವ ಡಾಪಾಗ್ಲಿಫ್ಲೋಜಿನ್‌ನಂಥವು ನಿರ್ಜಲ ಉಪವಾಸದಲ್ಲಿ ಬೇರೆಯೇ ಅಪಾಯವನ್ನು ತರಬಲ್ಲವು. ಆದರೆ ತಾವಾಗಿಯೇ ಯಾವುದನ್ನೂ ನಿಲ್ಲಿಸಬಾರದು. ಸಕ್ಕರೆ ಕುಸಿದಾಗ, ಎಚ್ಚರವಿದ್ದು ನುಂಗಬಲ್ಲವರಿಗೆ ಮೂರು ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕೊಟ್ಟು, ಹದಿನೈದು ನಿಮಿಷ ಬಿಟ್ಟು ಮತ್ತೆ ಪರೀಕ್ಷಿಸಬೇಕು. ನೆರೆಯವರು ಜೇನುತುಪ್ಪ ಎನ್ನಬಹುದು. ಮಧುತ್ಯಾಗ ನಮ್ಮ ಮೂಲಗುಣ, ಸಕ್ಕರೆಯಿರುವಾಗ ಅದರ ಅಗತ್ಯವೇ ಇಲ್ಲ. ಪ್ರಜ್ಞೆ ತಪ್ಪಿದವರ ಬಾಯಿಗೆ ಏನನ್ನೂ ಹಾಕದೆ ಆಸ್ಪತ್ರೆಗೆ ಒಯ್ಯಬೇಕು.

ರಾತ್ರಿಭೋಜನ ತ್ಯಾಗಿಗಳು ಕೇಳುತ್ತಾರೆ, ನಡುರಾತ್ರಿ ಹೀಗಾದರೆ ಏನು ಗತಿ ಎಂದು. ನಿಯಮ ಹಿಡಿಯುವಾಗಲೇ ಔಷಧವನ್ನೂ ಪ್ರಾಣಾಪಾಯದ ಸಕ್ಕರೆ ನೀರನ್ನೂ ಹೊರತುಪಡಿಸಿ ನುಡಿದರೆ ಅಲ್ಲಿ ವ್ರತಭಂಗದ ಪ್ರಶ್ನೆಯೇ ಏಳುವುದಿಲ್ಲ. ನನ್ನ ಮನೆಯಾಕೆ ಈಗ ಹಾಗೆಯೇ ನುಡಿದು ನಿಯಮ ಹಿಡಿದಿದ್ದಾಳೆ: ಸಿಹಿ ಇಲ್ಲ, ತುಪ್ಪವಿಲ್ಲ, ಹೊತ್ತಿಗೆ ಸರಿಯಾಗಿ ಎರಡು ಮಿತವಾದ ಊಟ, ಎರಡನೆಯದು ಸೂರ್ಯಾಸ್ತಕ್ಕೆ ಮೊದಲು. ಮಾತ್ರೆಯ ಪ್ರಮಾಣವನ್ನು ವೈದ್ಯರು ಇದಕ್ಕೆ ಹೊಂದಿಸಿ ಬರೆದುಕೊಟ್ಟ ಚೀಟಿ ಅವಳ ಸ್ವಾಧ್ಯಾಯದ ಪುಸ್ತಕದಲ್ಲಿಯೇ ಇದೆ. ಸಕ್ಕರೆಯ ಡಬ್ಬಿಯನ್ನು ಸೊಸೆ ತಲೆದಿಂಬಿನ ಬಳಿ ಇಟ್ಟಿದ್ದಾಳೆ.