ಉತ್ತಮರ್ಣನೂ ಅಧಮರ್ಣನೂ

ಸಂಸ್ಕೃತದಲ್ಲಿ ಸಾಲ ಕೊಟ್ಟವನಿಗೆ ‘ಉತ್ತಮರ್ಣ’ನೆಂದೂ ಸಾಲ ಪಡೆದವನಿಗೆ ‘ಅಧಮರ್ಣ’ನೆಂದೂ ಹೆಸರು. ಪಾಣಿನಿಯ ಕಾಲಕ್ಕೇ ರೂಢಿಯಲ್ಲಿದ್ದ ಶಬ್ದಗಳಿವು. ಉತ್ತಮ, ಅಧಮ ಎಂಬ ವಿಶೇಷಣಗಳು ಇಲ್ಲಿ ಋಣದಲ್ಲಿರುವ ಸ್ಥಾನವನ್ನು ಹೇಳುತ್ತವೆಯೇ ಹೊರತು ಮನುಷ್ಯನ ಯೋಗ್ಯತೆಯನ್ನಲ್ಲವೆಂದು ವೈಯಾಕರಣರು ಸಮಾಧಾನ ಹೇಳಬಹುದು. ಶಾಸ್ತ್ರದೃಷ್ಟಿಯಿಂದ ಅದು ಒಪ್ಪತಕ್ಕ ಮಾತೇ. ಆದರೆ ಲೋಕವು ವ್ಯಾಕರಣವನ್ನೋದಿ ನಡೆಯುವುದಿಲ್ಲ. ಸಾಲ ಕೇಳಲು ಹೋದ ಮುದುಕನು ಸಾಹುಕಾರನ ಜಗುಲಿಯ ಕೆಳಗೆ ನಿಲ್ಲುವುದನ್ನೂ, ಸಾಹುಕಾರನ ಮಗನು, ಇನ್ನೂ ಮೀಸೆ ಮೂಡದ ಹುಡುಗನು, ಅವನನ್ನು ಏಕವಚನದಿಂದ ಮಾತನಾಡಿಸುವುದನ್ನೂ ಕಂಡವರಿಗೆ ಆ ಶಬ್ದಗಳ ಲೌಕಿಕಾರ್ಥವನ್ನು ಬೇರೆ ವಿವರಿಸಬೇಕಾಗಿಲ್ಲ. ಹುಟ್ಟಿನಿಂದ ಉತ್ತಮಾಧಮರಿಲ್ಲವೆಂದು ಶರಣರು ಸಾರಿದ ನಾಡಿನಲ್ಲಿ ಋಣದಿಂದ ಉತ್ತಮಾಧಮರಾಗಬಹುದೆ? ದುಡಿದು ಬದುಕುವವನಿಗೆ ಸಾಲ ಕೊಡತಕ್ಕವನು ಯಾವ ಧರ್ಮಕ್ಕೆ ಬದ್ಧನು? ಈ ಪ್ರಶ್ನೆಯನ್ನು ಚಳ್ಳಕೆರೆ, ಮೊಳಕಾಲ್ಮೂರು ಸೀಮೆಯ ಸ್ಥಿತಿಯನ್ನು ಮುಂದಿಟ್ಟುಕೊಂಡು ವಿಚಾರಿಸೋಣ.

ಈ ಎರಡು ತಾಲ್ಲೂಕುಗಳು ರಾಜ್ಯದಲ್ಲಿಯೇ ಅತಿ ಕಡಿಮೆ ಮಳೆ ಬೀಳುವ ಪ್ರದೇಶಕ್ಕೆ ಸೇರಿದವು. ಚಳ್ಳಕೆರೆಗೆ ಎಣ್ಣೆಯ ಊರೆಂಬ ಹೆಸರು ಬಂದುದು ಶೇಂಗಾದಿಂದ. ಮುಂಗಾರಿನಲ್ಲಿ ಬಿತ್ತಿದ ಶೇಂಗಾವನ್ನು ಕೀಳುವುದು ದೀಪಾವಳಿಯ ಆಸುಪಾಸಿನಲ್ಲಿ. ಅಲ್ಲಿಯವರೆಗೆ ಬೀಜ, ಗೊಬ್ಬರ, ಕೂಲಿ ಎಲ್ಲವೂ ಕೈಬಿಟ್ಟು ಹೋಗುವ ಹಣವೇ. ಮೊಳಕಾಲ್ಮೂರಿನ ರೇಷ್ಮೆ ಸೀರೆಯನ್ನು ನೇಯುವವನಿಗೆ ಮಗ್ಗದ ಮೇಲೆ ಸೀರೆ ಇರುವಷ್ಟು ದಿನವೂ ಒಲೆಯ ಮೇಲೆ ಎಸರಿಡಲು ಕಾಸು ಬೇಕು. ಕಾಸು ಬರುವುದು ಸೀರೆ ಇಳಿದ ಮೇಲೆ. ಕಂಬಳಿ ನೇಯುವವರ ಸಂಗತಿಯೂ ಇದೇ. ಸಾಲವೆಂದೊಡನೆ ಆಲಸ್ಯವನ್ನೋ ದುಂದುಗಾರಿಕೆಯನ್ನೋ ನೆನೆಯುವವರು ಇದನ್ನು ಗಮನಿಸಬೇಕು. ಮದುವೆ, ದೇವರ ಕಾರ್ಯಗಳಿಗಾಗಿ ಮಾಡುವ ಸಾಲವೂ ಉಂಟು, ಅದರಲ್ಲಿ ಅತಿರೇಕವೂ ಉಂಟು. ಆ ವಿಷಯವನ್ನು ಹಿಂದೆ ಎಷ್ಟೋ ಮಂದಿ ಬರೆದಿದ್ದಾರೆ. ಆದರೆ ಇಲ್ಲಿಯ ಸಾಲದ ಮೂಲವು ಕಾಯಕ ಮಾಡಿದ ದಿನಕ್ಕೂ ಅದರ ಫಲ ಕೈಸೇರುವ ದಿನಕ್ಕೂ ನಡುವೆ ಬಿದ್ದಿರುವ ಅಂತರವೇ ಆಗಿದೆ.

ಹಿಂದಿನವರು ಈ ಅಂತರವನ್ನು ಹಲವು ವಿಧವಾಗಿ ದಾಟುತ್ತಿದ್ದರು. ನೆರೆಮನೆಯ ಕೈಗಡ, ಮದುವೆಯ ಮುಯ್ಯಿ, ಹೊಲದ ಕೆಲಸಕ್ಕೆ ಮುಯ್ಯಾಳು, ಬಿತ್ತನೆಗೆ ಬೀಜದ ಸಾಲ ಇವೆಲ್ಲ ಕಾಗದವಿಲ್ಲದೆ ನಡೆಯುತ್ತಿದ್ದ ವ್ಯವಹಾರಗಳು. ಇವನ್ನು ನೆನೆದು ಹಳೆಯ ಕಾಲವೆಲ್ಲ ಚಿನ್ನವಾಗಿತ್ತೆಂದು ಹಾಡಿಹೊಗಳುವುದು ನನಗೆ ಸಮ್ಮತವಲ್ಲ. ಒಂದು ಪಲ್ಲ ಬೀಜ ಕೊಟ್ಟು ಸುಗ್ಗಿಯಲ್ಲಿ ಒಂದೂವರೆ ಪಲ್ಲ ಅಳೆಸಿಕೊಳ್ಳುತ್ತಿದ್ದವರೂ ಆ ಕಾಲದವರೇ. ಬಳಿಕ ಸರಕಾರವೂ ಜನರೂ ಕೂಡಿ ಬೇರೆ ಬಾಗಿಲುಗಳನ್ನು ತೆರೆದರು. 1904ರಲ್ಲಿ ಸಹಕಾರಿ ಪತ್ತಿನ ಸಂಘಗಳ ಕಾಯಿದೆ ಬಂದಿತು. ಮರುವರ್ಷವೇ ಗದಗಿನ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ರೈತರ ಸಂಘವನ್ನು ಕಟ್ಟಿದರು. ಇಂದು ರೈತನು ತನ್ನೂರಿನ ಕೃಷಿ ಪತ್ತಿನ ಸಹಕಾರ ಸಂಘದಲ್ಲಿ ಬಡ್ಡಿಯಿಲ್ಲದ ಬೆಳೆಸಾಲವನ್ನು ಪಡೆಯಬಹುದು. 2023ರಲ್ಲಿ ಇದರ ಮಿತಿಯನ್ನು ಮೂರು ಲಕ್ಷದಿಂದ ಐದು ಲಕ್ಷಕ್ಕೆ ಏರಿಸಿದರು. ಗ್ರಾಮೀಣ ಬ್ಯಾಂಕುಗಳು ಹಲವು ವಿಲೀನಗಳನ್ನು ಕಂಡು 2025ರ ಮೇ 1ರಿಂದ ಬಳ್ಳಾರಿಯಲ್ಲಿ ಪ್ರಧಾನ ಕಚೇರಿಯುಳ್ಳ ಒಂದೇ ಬ್ಯಾಂಕಾಗಿವೆ. ಇಷ್ಟಾದರೂ ಪಹಣಿಯಿಲ್ಲದ ಗೇಣಿದಾರನಿಗೂ, ಮನೆಯ ಹೊರತು ಬೇರೇನೂ ಇಲ್ಲದ ನೇಕಾರನಿಗೂ, ಕೂಲಿಯ ಹೆಂಗಸಿಗೂ ಈ ಬಾಗಿಲುಗಳು ಅರ್ಧ ಮಾತ್ರ ತೆರೆದಿವೆ. ಮಿಕ್ಕ ಅರ್ಧಕ್ಕಾಗಿ ಅವರು ಮಂಡಿಯ ದಲಾಲರ ಬಳಿಗೋ, ಬಡ್ಡಿಯವರ ಬಳಿಗೋ, ಫೈನಾನ್ಸಿನವರ ಬಳಿಗೋ ಹೋಗುತ್ತಾರೆ.

ಬಡ್ಡಿಯೇ ಪಾಪವೆಂದು ನಮ್ಮ ಪ್ರಾಚೀನರು ಹೇಳಲಿಲ್ಲ, ಅದಕ್ಕೆ ಅಳತೆಯನ್ನಿಟ್ಟರು. ನೂರಕ್ಕೆ ತಿಂಗಳಿಗೆ ಒಂದೂಕಾಲು ಪಣವು ಧರ್ಮ್ಯವಾದ ಬಡ್ಡಿಯೆಂದು ಕೌಟಿಲ್ಯನು ಹೇಳುವನು; ವ್ಯಾಪಾರಿಗಳೊಳಗೆ ಐದು, ಕಾಡುದಾರಿಯಲ್ಲಿ ಸಂಚರಿಸುವವರಿಗೆ ಹತ್ತು, ಸಮುದ್ರಯಾನದ ವರ್ತಕರಿಗೆ ಇಪ್ಪತ್ತರವರೆಗೆ ಅವನ ಒಪ್ಪಿಗೆಯುಂಟು. ಮೂಲಧನವೇ ಮುಳುಗಿಹೋಗುವ ಭಯ ಹೆಚ್ಚಿದಂತೆ ಬಡ್ಡಿ ಹೆಚ್ಚುವುದು. ತರ್ಕವು ಸರಿಯಾಗಿಯೇ ಇದೆ. ಇದಲ್ಲದೆ ಒಮ್ಮೆಗೆ ವಸೂಲು ಮಾಡುವ ಬಡ್ಡಿಯು ಅಸಲನ್ನು ಮೀರಿ ಬೆಳೆಯಕೂಡದೆಂಬ ದ್ವೈಗುಣ್ಯದ ನಿಯಮವನ್ನು ಧರ್ಮಶಾಸ್ತ್ರಕಾರರು ವಿಧಿಸಿದರು. ಈಗ ನಮ್ಮ ಹಳ್ಳಿಗಳ ಮಾತನ್ನು ಕೇಳಿರಿ. ‘ಮೂರು ರೂಪಾಯಿ ಬಡ್ಡಿ’ ಎಂದರೆ ನೂರಕ್ಕೆ ತಿಂಗಳಿಗೆ ಮೂರು. ಹತ್ತು ಸಾವಿರಕ್ಕೆ ವರ್ಷಕ್ಕೆ 3,600 ರೂಪಾಯಿ. ಧರ್ಮ್ಯವಾದ ಬಡ್ಡಿಯು ಅಸಲಿನಷ್ಟಾಗಲು ಎಂಬತ್ತು ತಿಂಗಳು ಬೇಕಾದರೆ ಇದಕ್ಕೆ ಮೂವತ್ತನಾಲ್ಕು ತಿಂಗಳು ಸಾಕು. ಹತ್ತು ರೂಪಾಯಿಯ ಬಡ್ಡಿಗೆ ಹತ್ತೇ ತಿಂಗಳು. ಸಂತೆಯಲ್ಲಿ ಸೊಪ್ಪು ಮಾರುವವರಿಗೆ ಕೊಡುವ ದಿನದ ಸಾಲವೊಂದುಂಟು. ಕಾಗದದಲ್ಲಿ ಹತ್ತು ಸಾವಿರ, ಕೈಗೆ ಒಂಬತ್ತು ಸಾವಿರ, ದಿನಕ್ಕೆ ನೂರರಂತೆ ನೂರು ದಿನ. ಕೇಳುವುದಕ್ಕೆ ಸಾವಿರ ರೂಪಾಯಿಯ ಮಾತು. ಆದರೆ ಅಸಲು ದಿನದಿನವೂ ಇಳಿಯುತ್ತ ಹೋಗುವುದನ್ನು ಲೆಕ್ಕಕ್ಕೆ ಹಿಡಿದರೆ ವರ್ಷಕ್ಕೆ ನೂರಕ್ಕೆ ಎಂಬತ್ತರ ಸಮೀಪಕ್ಕೆ ಬರುತ್ತದೆ. ಶಾಲೆಯಲ್ಲಿ ನಾವು ಮಕ್ಕಳಿಗೆ ಬಡ್ಡಿಯ ಲೆಕ್ಕವನ್ನು ಕಲಿಸುತ್ತೇವೆ. ಈ ಲೆಕ್ಕವನ್ನು ಮಾತ್ರ ಯಾವ ಪುಸ್ತಕದಲ್ಲಿಯೂ ನಾನು ಕಾಣಲಿಲ್ಲ. ಕೌಟಿಲ್ಯನು ಇಪ್ಪತ್ತರ ಬಡ್ಡಿಯನ್ನು ಹೇಳಿದುದು ಹಡಗು ಮುಳುಗುವ ಸಮುದ್ರಕ್ಕೆ. ಸೊಪ್ಪು ಮಾರುವ ಮುದುಕಿಯ ಬುಟ್ಟಿಯು ಯಾವ ಸಮುದ್ರವನ್ನು ದಾಟುತ್ತದೆ?

ಇಲ್ಲಿ ಬಡ್ಡಿಯನ್ನು ಗೊತ್ತುಮಾಡುವುದು ಮುಳುಗುವ ಭಯವಲ್ಲ, ಕೇಳುವವನ ಸಂಕಟ. ಅವನಿಗೆ ಬೇರೆ ದಾರಿಯಿಲ್ಲವೆಂಬುದೇ ಅದರ ಬೆಲೆ. ನನ್ನ ಅಭಿಪ್ರಾಯದಲ್ಲಿ ಧರ್ಮಾಧರ್ಮಗಳ ಗಡಿ ಇರುವುದು ಇಲ್ಲಿಯೇ. ಸಾಲವು ಪಡೆಯುವವನ ಕಾಯಕಕ್ಕೆ ಅಳತೆಯಾಗಿರಬೇಕು, ಅವನ ಸಂಕಟಕ್ಕೆ ಅಳತೆಯಾಗಿರಬಾರದು. ಎಷ್ಟು ಕೊಡಬೇಕು, ಎಂದು ಕೇಳಬೇಕು, ಎಷ್ಟೆಷ್ಟಾಗಿ ಕೇಳಬೇಕು ಎಂಬ ಮೂರನ್ನೂ ಅವನ ಹೊಲ, ಮಗ್ಗ, ಕುರಿಹಟ್ಟಿಗಳೇ ಹೇಳಬೇಕು. ವರ್ಷಕ್ಕೊಮ್ಮೆ ಕೈಗೆ ಬರುವ ಶೇಂಗಾದ ಮೇಲೆ ವಾರಕ್ಕೊಮ್ಮೆ ಕಂತನ್ನು ಹೇರಿದರೆ, ಆ ಕಂತನ್ನು ತೀರಿಸಲು ಅವನು ಮತ್ತೊಂದು ಸಾಲ ಮಾಡದೆ ಗತಿಯಿಲ್ಲ. ಸಾಲವನ್ನು ಸಾಲದಿಂದಲೇ ತೀರಿಸುವ ಈ ಸರಪಳಿಯಲ್ಲಿ ತಪ್ಪು ಮೊದಲ ಸಾಲ ಕೊಟ್ಟವನದೇ. ಏಕೆಂದರೆ ಹೊಲಕ್ಕೆ ವಾರದ ಬೆಳೆಯಿಲ್ಲವೆಂಬುದನ್ನು ಅವನು ಬಲ್ಲವನಾಗಿದ್ದನು.

ಪಡೆಯುವವನಿಗೂ ಅಳತೆಯುಂಟು. ಆಯ್ದಕ್ಕಿ ಮಾರಯ್ಯನು ಒಂದು ದಿನ ವಾಡಿಕೆಗಿಂತ ಹೆಚ್ಚಾಗಿ ಅಕ್ಕಿಯನ್ನು ತಂದಾಗ ಲಕ್ಕಮ್ಮನು ಅದನ್ನು ಹಿಂದಕ್ಕೆ ಸುರಿದುಬರುವಂತೆ ಹೇಳಿದ ಕಥೆಯನ್ನು ವಾಚಕರೆಲ್ಲ ಬಲ್ಲರು. ಅದನ್ನು ನಾವು ಸಂಗ್ರಹಬುದ್ಧಿಯ ನಿಷೇಧವೆಂದು ಮಾತ್ರ ವ್ಯಾಖ್ಯಾನಿಸುತ್ತ ಬಂದಿದ್ದೇವೆ. ಮೂವತ್ತು ಸಾವಿರ ಕೇಳಿದ ಮನೆಗೆ ಐವತ್ತು ಸಾವಿರವನ್ನು ತೆಗೆದುಕೊಳ್ಳಿರೆಂದು ಒತ್ತಾಯಿಸುವ ಏಜೆಂಟರ ಈ ದಿನಗಳಲ್ಲಿ ಲಕ್ಕಮ್ಮನ ಮಾತಿಗೆ ಮತ್ತೊಂದು ಅರ್ಥವೂ ಹೊರಡುತ್ತದೆ. ಮಿಕ್ಕ ಇಪ್ಪತ್ತು ಸಾವಿರವು ಯಾರ ಬೆವರೂ ಅಲ್ಲ. ಮುಂದೆ ಸುರಿಸಬೇಕಾದ ಬೆವರನ್ನು ಇಂದೇ ಮಾರಿಕೊಂಡ ಹಣ.

ಹೀಗೆ ಮಾರಿಕೊಂಡ ಬೆವರಿನ ಅತ್ಯಂತ ದಾರುಣವಾದ ರೂಪವೆಂದರೆ ಮುಂಗಡ. ಮಾಲೀಕನಿಂದ ಮುಂಗಡ ಪಡೆದ ಮಜೂರಿ ನೇಕಾರನು ಅದು ತೀರುವ ತನಕ ಮತ್ತೊಬ್ಬನ ಮಗ್ಗಕ್ಕೆ ಕೂರಲಾರ; ಮಜೂರಿ ಸಾಲದೆಂದು ಬಾಯಿಬಿಡಲಾರ. ಮಾಲೀಕನೂ ನೂಲಿನ ಸಾಲದಲ್ಲಿ ಸಿಕ್ಕವನೇ ಆಗಿರಬಹುದು, ಅದನ್ನು ಮರೆಯಬಾರದು. ಆದರೂ ಸಾಲದ ಹೆಸರಿನಲ್ಲಿ ದುಡಿಮೆಯನ್ನು ಕಟ್ಟಿಹಾಕುವುದನ್ನು 1976ರ ಜೀತಪದ್ಧತಿ ನಿರ್ಮೂಲನ ಕಾಯಿದೆ ನಿಷೇಧಿಸಿದೆ. ಕಾಯಕವೇ ಕೈಲಾಸವೆಂದು ನಂಬಿದವರು ಕಾಯಕವನ್ನು ಒತ್ತೆಯಿಟ್ಟುಕೊಳ್ಳುವುದನ್ನು ಹೇಗೆ ಒಪ್ಪಿಯಾರು?

ಇಲ್ಲೊಂದು ಪೂರ್ವಪಕ್ಷವುಂಟು. ಕೊಟ್ಟವನ ಹಣವೂ ಯಾರದೋ ಕಾಯಕದ ಫಲವಲ್ಲವೆ? ಸಂಘದ ಠೇವಣಿಯಲ್ಲಿ ವಿಧವೆಯ ಉಳಿತಾಯವಿಲ್ಲವೆ? ತೀರಿಸುವ ಶಕ್ತಿಯಿದ್ದೂ ತೀರಿಸದವನು ಕಳ್ಳನಲ್ಲವೆ? ನಿಸ್ಸಂದೇಹವಾಗಿ ಕಳ್ಳನೇ. 2018ರಲ್ಲಿ ರಾಜ್ಯ ಸರಕಾರವು ಬೆಳೆಸಾಲವನ್ನು ಮನ್ನಾ ಮಾಡಿದಾಗ, ಹೊಟ್ಟೆಬಟ್ಟೆ ಕಟ್ಟಿ ಕಾಲಕ್ಕೆ ಸರಿಯಾಗಿ ಕಟ್ಟಿದವರು ‘ನಾವೇ ಮೂಢರು’ ಎಂದುಕೊಂಡರೆ ಅವರನ್ನು ದೂರುವಂತಿಲ್ಲ. ಆದರೆ ತೀರಿಸಲಾರದವನೂ ತೀರಿಸಲೊಲ್ಲದವನೂ ಬೇರೆ ಬೇರೆ. ಇಬ್ಬರನ್ನೂ ಒಂದೇ ಕೋಲಿನಿಂದ ಅಟ್ಟುವುದು ವಸೂಲಿಯಾದೀತು, ನ್ಯಾಯವಾಗದು.

ಈ ಭೇದವನ್ನು ತಿಳಿಯತಕ್ಕವರು ಯಾರು? ದೂರದ ಪಟ್ಟಣದ ಕಂಪನಿಯಲ್ಲ, ನೆರೆಹೊರೆಯವರು. ಈ ನಂಬಿಕೆಯ ಮೇಲೆಯೇ ಸ್ವಸಹಾಯ ಸಂಘಗಳು ಹುಟ್ಟಿದವು. ಹತ್ತರಿಂದ ಇಪ್ಪತ್ತು ಹೆಂಗಸರು ವಾರವಾರ ಉಳಿಸಿ, ತಮ್ಮೊಳಗೇ ಸಾಲ ಕೊಟ್ಟುಕೊಂಡು, ಪುಸ್ತಕ ಬರೆದಿಟ್ಟು, ಬಳಿಕ ಬ್ಯಾಂಕಿನಿಂದಲೂ ಪಡೆಯುವ ಕ್ರಮವನ್ನು ನಬಾರ್ಡು 1992ರಲ್ಲಿ ಆರಂಭಿಸಿತು. 2000ದಲ್ಲಿ ನಮ್ಮ ರಾಜ್ಯದ ಸ್ತ್ರೀಶಕ್ತಿ ಯೋಜನೆ ಬಂದಿತು. ಇದರ ಪಕ್ಕದಲ್ಲಿಯೇ, ಹೊರನೋಟಕ್ಕೆ ಇದರಂತೆಯೇ ಕಾಣುವ ಮತ್ತೊಂದು ಗುಂಪು ಬೆಳೆದಿದೆ. ಅಲ್ಲಿಯೂ ಹೆಂಗಸರೇ, ಅಲ್ಲಿಯೂ ಒಬ್ಬರಿಗೊಬ್ಬರು ಜಾಮೀನು, ಆದರೆ ಹಣ ಕಂಪನಿಯದು. ಒಬ್ಬಳು ಕಂತು ತಪ್ಪಿದಳೆಂದರೆ ವಸೂಲಿಗೆ ಬಂದವನು ಮಿಕ್ಕವರನ್ನು ಅವಳ ಬಾಗಿಲಿಗೆ ಕಳುಹಿಸಿ, ಹಣ ಬರುವ ತನಕ ಎಲ್ಲರನ್ನೂ ಕೂಡಿಸಿಕೊಂಡಿರುತ್ತಾನೆ.

ಹತ್ತು ಜನರಲ್ಲಿ ಒಬ್ಬಳು ತಪ್ಪಿದಾಗ ಒಂಬತ್ತು ಜನರು ಅವಳಿಗೆ ಏನನ್ನು ಸಲ್ಲಿಸಬೇಕು? ಇದು ಪಂಡಿತರ ಚರ್ಚೆಯಲ್ಲ. ವಾರಕ್ಕೊಮ್ಮೆ ನಮ್ಮ ಕೇರಿಗಳಲ್ಲಿ ನಡೆಯುವ ನಿಜವಾದ ಧರ್ಮಸಂಕಟ. ಒಂಬತ್ತು ಜನರೂ ಬಡವರೇ. ಅವಳ ಕಂತನ್ನು ತಾವು ಕಟ್ಟಿದರೆ ತಮ್ಮ ಮಕ್ಕಳ ಹಾಲಿಗೆ ಕುತ್ತು. ಕಟ್ಟದಿದ್ದರೆ ಮುಂದಿನ ಸಾಲ ತಮಗೂ ಇಲ್ಲ. ಈ ಇಕ್ಕಟ್ಟಿನಲ್ಲಿ ಅವರು ಅವಳ ಬಾಗಿಲಲ್ಲಿ ನಿಂತು ಕೂಗಾಡಿದರೆ ಅವರನ್ನು ನಿಷ್ಕರುಣಿಗಳೆಂದು ದೂರುವುದು ಸುಲಭ. ನಾನು ದೂರಲಾರೆ. ಸ್ವಸಹಾಯ ಸಂಘದಲ್ಲಿ ಹಣವು ಅವರದೇ ಆದುದರಿಂದ ‘ಈ ತಿಂಗಳು ಬಿಡಿ, ಸುಗ್ಗಿಗೆ ಕೊಡಲಿ’ ಎಂದು ಹೇಳುವ ಅಧಿಕಾರವೂ ಅವರದೇ. ಕಂಪನಿಯ ಗುಂಪಿನಲ್ಲಾದರೋ ತಾಳ್ಮೆ ತೋರುವ ಅಧಿಕಾರ ಕಂಪನಿಯದು, ಜಗಳವಾಡುವ ಹೊಣೆ ಮಾತ್ರ ಇವರದು. ತಾಳ್ಮೆಯನ್ನು ಕೊಡಲಾರದವರ ಮೇಲೆ ವಸೂಲಿಯ ಭಾರವನ್ನು ಹೊರಿಸಿ ನೆರೆಯವರನ್ನೇ ನೆರೆಯವರ ಮೇಲೆ ಛೂ ಬಿಡುವುದು, ಬಡ್ಡಿ ಎಷ್ಟೇ ಕಡಿಮೆಯಿದ್ದರೂ, ಅಧರ್ಮವೇ.

ಸ್ವಂತ ಹಣದ ಸಂಘದಲ್ಲಿ ಒಂಬತ್ತು ಜನರ ಕರ್ತವ್ಯವು ನನಗೆ ಹೀಗೆ ತೋರುತ್ತದೆ. ಮೊದಲು ಅವರು ವಿಚಾರಿಸಬೇಕು: ಗಂಡನಿಗೆ ಕಾಯಿಲೆಯೆ, ಕುರಿ ಸತ್ತಿತೆ, ಅಥವಾ ಹಣವಿದ್ದೂ ಮರೆಸಿದ್ದಾಳೆಯೆ? ನಿಜವಾಗಿ ಕಷ್ಟವಿದ್ದರೆ ಸಂಘದ ಬಡ್ಡಿಯ ಲಾಭದಿಂದ ತೆಗೆದಿಟ್ಟ ಆಪದ್ಧನದಲ್ಲಿ ಅವಳ ಕಂತನ್ನು ಹಾಕಿ, ಅದನ್ನು ಅವಳ ಹೆಸರಿನಲ್ಲಿಯೇ ಬಡ್ಡಿಯಿಲ್ಲದೆ ಬರೆಯಬೇಕು. ದಾನವೆಂದು ಬರೆಯಕೂಡದು. ದಾನವು ಅವಳನ್ನು ಮತ್ತೆ ಕೆಳಗಿನ ಮೆಟ್ಟಿಲಿಗೆ ಇಳಿಸುತ್ತದೆ; ಬರೆದಿಟ್ಟ ಸಾಲವು ಅವಳನ್ನು ಸದಸ್ಯಳಾಗಿಯೇ ಉಳಿಸುತ್ತದೆ. ಪುಸ್ತಕವನ್ನು ಎಲ್ಲರೂ ನೋಡುವಂತಿಡಬೇಕು. ಬಿಜ್ಜಳನ ಭಂಡಾರಿಯಾಗಿದ್ದ ಬಸವಣ್ಣನವರ ಮೇಲೆ ಅಪವಾದ ಬಂದಾಗ ಅವರನ್ನು ಕಾಪಾಡಿದುದು ಲೆಕ್ಕದ ಶುದ್ಧಿಯೇ ಎಂಬುದು ಪುರಾಣಪ್ರಸಿದ್ಧ.

ಆದರೆ ಬರಗಾಲಕ್ಕೆ ಈ ಉಪಾಯ ಸಾಲದು. ಮಳೆಯು ಒಬ್ಬಳ ಹೊಲವನ್ನು ಬಿಟ್ಟು ಒಂಬತ್ತು ಜನರ ಹೊಲಕ್ಕೆ ಬೀಳುವುದಿಲ್ಲ. ಬರ ಬಂದರೆ ಹತ್ತು ಜನರೂ ಒಟ್ಟಿಗೆ ತಪ್ಪುವರು. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತವೆಂದು ಘೋಷಿಸಿದರು. ಅಂಥ ವರ್ಷದಲ್ಲಿ ಬ್ಯಾಂಕುಗಳು ಬೆಳೆಸಾಲದ ಅವಧಿಯನ್ನು ಮುಂದೂಡಲು ರಿಸರ್ವ್ ಬ್ಯಾಂಕಿನ ಸೂಚನೆಗಳಿವೆ. ವಾರದ ಕಂತಿಗೆ ಮಾತ್ರ ಬರವೆಂಬುದು ಗೊತ್ತಿಲ್ಲ. 2025ರ ಜನವರಿಯಲ್ಲಿ ಚಾಮರಾಜನಗರ ಜಿಲ್ಲೆಯ ಹಳ್ಳಿಗಳಲ್ಲಿ ಕುಟುಂಬಗಳು ಮನೆಗೆ ಬೀಗ ಹಾಕಿ ಊರು ಬಿಟ್ಟ ವಾರ್ತೆಯನ್ನು ಓದಿದೆವು. ಸಂಕಟವು ಒಂದು ಜಿಲ್ಲೆಯದಲ್ಲವೆಂದು ಕಂಡುಬಂದುದರಿಂದ ಮುಂದಿನ ತಿಂಗಳೇ ಸರಕಾರವು ಸುಗ್ರೀವಾಜ್ಞೆಯನ್ನು ಹೊರಡಿಸಿ, ಬಲಾತ್ಕಾರದ ವಸೂಲಿಗೆ ಹತ್ತು ವರ್ಷದವರೆಗೆ ಸೆರೆ, ಐದು ಲಕ್ಷದವರೆಗೆ ದಂಡವನ್ನು ವಿಧಿಸಿತು.

ಕಾಯಿದೆಗೇನೂ ಕೊರತೆಯಿಲ್ಲ. 1961ರ ಲೇವಾದೇವಿಗಾರರ ಕಾಯಿದೆಯಂತೆ ಬಡ್ಡಿ ವ್ಯವಹಾರಕ್ಕೆ ಪರವಾನಗಿ ಬೇಕು. 2004ರ ಕಾಯಿದೆ ಮಿತಿಮೀರಿದ ಬಡ್ಡಿಯನ್ನು ನಿಷೇಧಿಸಿದೆ. ರಿಸರ್ವ್ ಬ್ಯಾಂಕಿನ 2022ರ ನಿರ್ದೇಶನದಂತೆ, ವರ್ಷಕ್ಕೆ ಮೂರು ಲಕ್ಷದವರೆಗೆ ಆದಾಯವುಳ್ಳ ಮನೆಗೆ ಕೊಡುವ ಕಿರುಸಾಲಕ್ಕೆ ಒತ್ತೆಯನ್ನು ಕೇಳಕೂಡದು. ಮನೆಯ ಎಲ್ಲ ಸಾಲಗಳ ಕಂತೂ ಸೇರಿ ತಿಂಗಳ ಆದಾಯದ ಅರ್ಧವನ್ನು ಮೀರಕೂಡದು. ಷರತ್ತುಗಳನ್ನು ಸಾಲಗಾರನಿಗೆ ತಿಳಿಯುವ ಭಾಷೆಯಲ್ಲಿ ಬರೆದುಕೊಡಬೇಕು. ಬೆಳಿಗ್ಗೆ ಒಂಬತ್ತಕ್ಕೆ ಮೊದಲೂ ಸಂಜೆ ಆರರ ಮೇಲೂ ವಸೂಲಿಗೆ ಹೋಗಕೂಡದು. ನಾಯಕನಹಟ್ಟಿಯ ಜಾತ್ರೆಗೆ ನೆರೆಯುವ ಜನರಲ್ಲಿ ಇದನ್ನು ಬಲ್ಲವರೆಷ್ಟು ಮಂದಿ? ಕೆರೆಗಳನ್ನು ಕಟ್ಟಿಸಿ, ಮಣ್ಣು ಹೊತ್ತವರಿಗೆ ಹೊತ್ತಷ್ಟಕ್ಕೆ ಕೂಲಿ ಸಲ್ಲಿಸಿದರೆಂದು ತಿಪ್ಪೇರುದ್ರಸ್ವಾಮಿಗಳನ್ನು ಜನ ಇಂದಿಗೂ ನೆನೆಯುವ ಆ ನೆಲದಲ್ಲಿ, ಜಾತ್ರೆಯ ಪ್ರವಚನದೊಡನೆ ಅರ್ಧ ಗಂಟೆ ಈ ಮಾತನ್ನೂ ಓದಿ ಹೇಳಿದರೆ ಮಠಗಳಿಗೆ ಬರುವ ಕುಂದೇನೂ ಇಲ್ಲ.

ಸಾಲ ಬೇಕಾದವರು ಮೊದಲು ತಮ್ಮೂರ ಸಹಕಾರ ಸಂಘವನ್ನು, ಅಲ್ಲಿಯ ಬಾಗಿಲು ಮುಚ್ಚಿದ್ದರೆ ಸ್ವಸಹಾಯ ಸಂಘವನ್ನು, ಮನೆಯಲ್ಲಿ ಒಡವೆಯಿದ್ದರೆ ಬ್ಯಾಂಕನ್ನು ವಿಚಾರಿಸಲಿ. ಬೇರೆ ಯಾರ ಬಳಿಗೆ ಹೋದರೂ ಪರವಾನಗಿಯನ್ನು ತೋರಿಸಿರೆಂದು ಕೇಳಲಿ. ಕೊಟ್ಟ ಪ್ರತಿ ಕಂತಿಗೂ ರಸೀತಿಯನ್ನು ಪಡೆಯಲಿ. ಖಾಲಿ ಚೆಕ್ಕಿಗೂ ಖಾಲಿ ಪ್ರೋನೋಟಿಗೂ ರುಜು ಹಾಕದಿರಲಿ. ಬಡ್ಡಿಯಿಲ್ಲದ ಬೆಳೆಸಾಲವು ಗೊತ್ತುಪಡಿಸಿದ ದಿನದೊಳಗೆ ಕಟ್ಟಿದವರಿಗೆ ಮಾತ್ರ ಬಡ್ಡಿಯಿಲ್ಲದ್ದು. ದಿನ ಮೀರಿದರೆ ಬಡ್ಡಿ ಬೀಳುತ್ತದೆ. ಆ ದಿನ ಯಾವುದೆಂಬುದನ್ನು ಸಂಘದ ಕಾರ್ಯದರ್ಶಿಯಿಂದ ಪಾಸುಬುಕ್ಕಿನಲ್ಲಿಯೇ ಬರೆಯಿಸಿಕೊಂಡು ಬರುವುದು ಒಳ್ಳೆಯದು.