‘ಆಗಲಿ’ ಎಂಬ ಮಾತಿನ ಹೊಣೆ

ಮನುಷ್ಯನ ವ್ಯವಹಾರವೆಲ್ಲ ಮಾತಿನ ಆಧಾರದ ಮೇಲೆ ನಿಂತಿದೆ. ಏಕಾಕಿಯಾಗಿ ದುಡಿಯುವವನಿಗೆ ಮಾತಿನ ಅಗತ್ಯ ಕಡಿಮೆಯಿರಬಹುದು. ಆದರೆ ಹತ್ತು ಜನ ಕೂಡಿ ನಡೆಸುವ ಅಂಗಡಿ, ನೂರಾರು ಜನ ದುಡಿಯುವ ಗಿರಣಿ, ಸಾವಿರಾರು ಸದಸ್ಯರುಳ್ಳ ಸಹಕಾರಿ ಸಂಘ ಇವುಗಳಲ್ಲಿ ಹೇಳಿದ ಮಾತು ಹೇಳಿದಂತೆಯೇ ಮುಟ್ಟದಿದ್ದರೆ ಬಂಡವಾಳವೂ ಯಂತ್ರವೂ ನಿಷ್ಫಲವಾಗುತ್ತವೆ. ಹೇಳುವವನೂ ಕೇಳುವವನೂ ಒಂದೇ ಮನೆತನದ, ಒಂದೇ ಊರಿನ ಸಂಸ್ಕಾರದಲ್ಲಿ ಬೆಳೆದವರಾದರೆ ಅರ್ಥಕ್ಕೆ ಅಷ್ಟಾಗಿ ಕೇಡಿಲ್ಲ. ಭಾಷೆ, ರೂಢಿ, ಹಿರಿಯರ ಮುಂದೆ ನಡೆದುಕೊಳ್ಳುವ ರೀತಿ ಬೇರೆ ಬೇರೆಯಾದಾಗ ಒಂದೇ ಮಾತಿಗೆ ಎರಡು ಅರ್ಥಗಳು ಹುಟ್ಟುತ್ತವೆ. ಆಗ ಉಂಟಾಗುವ ಹಾನಿಗೆ ಹೊಣೆ ಯಾರು? ಇದನ್ನು ಆಡಳಿತ ಶಾಸ್ತ್ರದ ಪ್ರಶ್ನೆಯೆಂದು ಕಾಲೇಜುಗಳಲ್ಲಿ ಬೋಧಿಸುತ್ತಾರೆ. ಮೂಲತಃ ಇದು ನೀತಿಯ ಪ್ರಶ್ನೆ.

ಗಡಿನಾಡಿನ ನಿದರ್ಶನ

ಹುಕ್ಕೇರಿ ತಾಲೂಕಿನ ನಿಡಸೋಸಿ ಈ ಪ್ರಶ್ನೆಯನ್ನು ಪರಿಶೀಲಿಸಲು ತಕ್ಕ ಸ್ಥಳವಾಗಿದೆ. ದುರದುಂಡೀಶ್ವರ ಮಠದಿಂದ ಪ್ರಸಿದ್ಧವಾದ ಈ ಗ್ರಾಮ ಸಂಕೇಶ್ವರಕ್ಕೆ ಸಮೀಪದಲ್ಲಿದೆ. ಪುಣೆ–ಬೆಂಗಳೂರು ಹೆದ್ದಾರಿಯೂ ಮಹಾರಾಷ್ಟ್ರದ ಗಡಿಯೂ ದೂರವಿಲ್ಲ. 1956ರ ನವೆಂಬರ್ 1ರವರೆಗೆ ಬೆಳಗಾವಿ ಜಿಲ್ಲೆ ಮುಂಬಯಿ ರಾಜ್ಯದಲ್ಲಿತ್ತು. ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಕನ್ನಡ ಮರಾಠಿಗಳೆರಡೂ, ಹಳೆಯ ದಫ್ತರಗಳಲ್ಲಿ ಮೋಡಿ ಲಿಪಿಯ ಮರಾಠಿ, ಮೇಲಧಿಕಾರಿಗಳ ಹುಕುಮಿನಲ್ಲಿ ಇಂಗ್ಲಿಷ್ ಹೀಗೆ ಒಂದೇ ವ್ಯವಹಾರ ಹಲವು ಭಾಷೆಗಳನ್ನು ದಾಟಿ ಬರುತ್ತಿತ್ತು. ಏಕೀಕರಣದ ನಂತರ ಹಳೆಯ ಮೈಸೂರಿನ ಅಧಿಕಾರಿಗಳು ಈ ಕಡೆಗೆ ವರ್ಗವಾಗಿ ಬಂದಾಗ, ಕನ್ನಡ ಕನ್ನಡಗಳ ನಡುವೆಯೂ ಅಂತರವಿರುವುದು ಅನುಭವಕ್ಕೆ ಬಂದಿತು. ಇಲ್ಲಿಯವರ ‘ತಾಸು’ ಅವರಿಗೆ ‘ಗಂಟೆ’; ಇಲ್ಲಿಯವರು ಸಲಿಗೆಯಿಂದ ಆಡುವ ಗಟ್ಟಿ ದನಿಯ ಮಾತು ಅಲ್ಲಿಯವರ ಕಿವಿಗೆ ಸಿಟ್ಟಿನ ಮಾತು. ಅಲ್ಲಿಯವರ ಮೆಲುದನಿಯ ವಿನಯ ಇಲ್ಲಿಯವರಿಗೆ ಮನಸ್ಸಿನಲ್ಲಿದ್ದುದನ್ನು ಮುಚ್ಚಿಡುವ ಉಪಾಯದಂತೆ ತೋರುವುದೂ ಉಂಟು. 1996ರಲ್ಲಿ ನಿಡಸೋಸಿಯಲ್ಲಿ ಸ್ಥಾಪನೆಯಾದ ಹಿರಾಶುಗರ್ ಇಂಜಿನಿಯರಿಂಗ್ ಕಾಲೇಜಿನಂಥ ವಿದ್ಯಾಸಂಸ್ಥೆಗಳಲ್ಲಿ ಕಲಿತ ತರುಣರು ಪುಣೆ, ಬೆಂಗಳೂರುಗಳ ಕಚೇರಿಗಳನ್ನು ಸೇರಿ ವಿದೇಶದ ಗಿರಾಕಿಗಳೊಡನೆ ವ್ಯವಹರಿಸಬೇಕಾದಾಗ ಇದೇ ತೊಡಕು ಇನ್ನೂ ವಿಸ್ತಾರವಾಗಿ ಎದುರಾಗುತ್ತದೆ.

ಈ ಭಾಗದಲ್ಲಿ ಯಜಮಾನನು ಏನನ್ನಾದರೂ ಹೇಳಿದರೆ ಕೈಕೆಳಗಿನವನು ‘ಆತ್ರಿ’ ಎನ್ನುತ್ತಾನೆ. ಗ್ರಾಂಥಿಕವಾಗಿ ಹೇಳುವುದಾದರೆ ‘ಆಗಲಿ’. ಅದರ ಅರ್ಥ ‘ನಾನು ಒಪ್ಪಿದೆ’ ಎಂದಾಗಬಹುದು. ‘ತಮ್ಮ ಮಾತು ನನ್ನ ಕಿವಿಗೆ ಬಿದ್ದಿತು’ ಎಂದಷ್ಟೇ ಆಗಬಹುದು. ‘ಇದು ಆಗದ ಕೆಲಸ, ಆದರೆ ಹಿರಿಯರ ಮುಖಕ್ಕೆ ಇಲ್ಲವೆನ್ನುವುದು ಸಲ್ಲದು’ ಎಂದೂ ಆಗಬಹುದು. ‘ನೋಡೋಣ್ರಿ’ ಎಂಬುದು ಎಷ್ಟೋ ಸಲ ನಯವಾದ ನಿರಾಕರಣೆ. ಇದರಲ್ಲಿ ಕಪಟವಿಲ್ಲ. ಎದುರಿಗಿರುವವರ ಮಾನವನ್ನು ಕಾಯುವ ಸಂಸ್ಕಾರವಿದೆ. ಒಂದೇ ಊರಿನವನು ದನಿಯ ಏರಿಳಿತದಿಂದಲೇ ಯಾವ ‘ಆತ್ರಿ’ ಯಾವುದೆಂದು ತಿಳಿದುಕೊಳ್ಳುತ್ತಾನೆ. ಹೊರಗಿನಿಂದ ಬಂದ ಅಧಿಕಾರಿಯಾದರೋ ಮೂರನ್ನೂ ಒಪ್ಪಿಗೆಯೆಂದೇ ಬರೆದುಕೊಳ್ಳುತ್ತಾನೆ. ಕೆಲಸವಾಗದಿದ್ದಾಗ ‘ಇವರು ಮಾತಿಗೆ ತಪ್ಪುವ ಜನ’ ಎಂಬ ಆರೋಪ ಬರುತ್ತದೆ. ಹೀಗೆ ಸೌಜನ್ಯವೇ ಅಸತ್ಯವೆಂಬ ಅಪವಾದಕ್ಕೆ ಗುರಿಯಾಗುತ್ತದೆ.

ಪಾಶ್ಚಾತ್ಯ ವಿದ್ವಾಂಸರು ಈ ವಿಷಯವನ್ನು ಅಳತೆಗೆ ತಂದಿದ್ದಾರೆ. ಹಾಲೆಂಡಿನ ಗೀರ್ಟ್ ಹಾಫ್‌ಸ್ಟೆಡ್ ಎಂಬವರು 1967ರಿಂದ 1973ರವರೆಗೆ ಐಬಿಎಂ ಕಂಪನಿಯ ನಾನಾ ದೇಶಗಳ ನೌಕರರಿಂದ ಸಂಗ್ರಹಿಸಿದ ಉತ್ತರಗಳನ್ನು ವಿಶ್ಲೇಷಿಸಿ 1980ರಲ್ಲಿ ಗ್ರಂಥವೊಂದನ್ನು ಪ್ರಕಟಿಸಿದರು. ಅಧಿಕಾರದ ಅಂತರವನ್ನು ಜನರು ಎಷ್ಟರಮಟ್ಟಿಗೆ ಸಹಜವೆಂದು ಸ್ವೀಕರಿಸುತ್ತಾರೆಂಬ ಅವರ ಮಾಪನದಲ್ಲಿ ಭಾರತಕ್ಕೆ 77, ಅಮೆರಿಕಕ್ಕೆ 40 ಅಂಕಗಳು. ಒಂದೇ ಕಂಪನಿಯ ನೌಕರರ ಸರಾಸರಿಯಿಂದ ಒಬ್ಬೊಬ್ಬ ವ್ಯಕ್ತಿಯ ಸ್ವಭಾವವನ್ನು ನಿರ್ಣಯಿಸಲಾಗದು. ಆದರೂ ಮೇಲಿನವರಿಗೆ ‘ಇಲ್ಲ’ ಎನ್ನುವುದು ಕೆಲವು ದೇಶಗಳಲ್ಲಿ ಉಳಿದೆಡೆಗಿಂತ ಕಷ್ಟವೆಂಬುದು ಅದರಿಂದ ಸ್ಪಷ್ಟವಾಗುತ್ತದೆ.

ಈ ಕಷ್ಟಕ್ಕೆ ತೆರಬೇಕಾದ ಬೆಲೆ ಕೆಲವೊಮ್ಮೆ ಪ್ರಾಣವೇ ಆಗುತ್ತದೆ. 1990ರ ಜನವರಿ 25ರಂದು ಕೊಲಂಬಿಯಾ ದೇಶದ ಆವಿಯಾಂಕಾ ಸಂಸ್ಥೆಯ ವಿಮಾನವೊಂದು ನ್ಯೂಯಾರ್ಕ್ ಸಮೀಪ ಇಂಧನ ಮುಗಿದು ನೆಲಕ್ಕಪ್ಪಳಿಸಿತು. ಅದರಲ್ಲಿದ್ದ 158 ಜನರಲ್ಲಿ 73 ಜನ ಮೃತರಾದರು. ಇಂಧನ ತೀರುತ್ತಿದೆ ಎಂದು ಸಹಪೈಲಟನು ನೆಲದ ನಿಯಂತ್ರಕರಿಗೆ ತಿಳಿಸಿದ್ದನು. ಆದರೆ ‘ತುರ್ತು ಪರಿಸ್ಥಿತಿ’ ಎಂಬ ನಿಯಮಬದ್ಧ ಶಬ್ದವನ್ನು ಬಳಸಲಿಲ್ಲ. ಅವನು ಸುಳ್ಳಾಡಲಿಲ್ಲ, ಕೇಳಿದವರೂ ದುಷ್ಟರಲ್ಲ. ಸಂಗತಿ ತಲುಪಿತು, ಅದರ ತೀವ್ರತೆ ತಲುಪಲಿಲ್ಲ. ಇಂಥ ದುರಂತಗಳಿಂದ ಪಾಠ ಕಲಿತ ವಿಮಾನಯಾನ ಕ್ಷೇತ್ರವು ಕಿರಿಯರಿಗೆ ಧೈರ್ಯದಿಂದ ಹೇಳುವುದನ್ನೂ, ಹಿರಿಯರಿಗೆ ಕೇಳಿ ತಿಳಿಯುವುದನ್ನೂ ಕಡ್ಡಾಯವಾಗಿ ಕಲಿಸುತ್ತಿದೆ.

ಕಾನೂನು ಕಂಡುಕೊಂಡ ನ್ಯಾಯ

ಗೋಕಾಕ ಜಲಪಾತದ ಬಳಿಯ ನೂಲಿನ ಗಿರಣಿ 1880ರ ದಶಕದಲ್ಲಿ ಬ್ರಿಟಿಷ್ ವ್ಯಾಪಾರಸ್ಥರ ಆಡಳಿತದಲ್ಲಿ ಪ್ರಾರಂಭವಾಯಿತು. ಘಟಪ್ರಭೆಯ ಬಲದಿಂದ ಯಂತ್ರ ತಿರುಗಿತು. ಹೊಲಮನೆಗಳಿಂದ ಬಂದ ಕನ್ನಡದ ಕೈಗಳು ನೂಲು ತೆಗೆದವು. ಆ ಕಾಲದ ಮುಂಬಯಿ ಪ್ರಾಂತದ ಹತ್ತಿಗಿರಣಿಗಳಲ್ಲಿ ಇಂಗ್ಲಿಷ್ ಮಾತನಾಡುವ ಮ್ಯಾನೇಜರನಿಗೂ ಕೂಲಿಕಾರನಿಗೂ ನಡುವೆ ಜಾಬರ್ ಅಥವಾ ಮುಕಾದಮನೆಂಬ ಮಧ್ಯಸ್ಥನಿರುತ್ತಿದ್ದನು. ಕೆಲಸಕ್ಕೆ ಸೇರಿಸುವವನು, ಬಿಡಿಸುವವನು, ಮೇಲಿನ ಮಾತನ್ನು ಕೆಳಕ್ಕೂ ಕೆಳಗಿನ ಅಳಲನ್ನು ಮೇಲಕ್ಕೂ ಮುಟ್ಟಿಸುವವನು ಅವನೇ. ಮಾತಿನ ಬೀಗದ ಕೈ ಒಬ್ಬನಲ್ಲಿಯೇ ಇದ್ದುದರಿಂದ ಲಂಚಕ್ಕೂ ದಬ್ಬಾಳಿಕೆಗೂ ಅವಕಾಶವಾಯಿತು. 1929ರಲ್ಲಿ ನೇಮಕಗೊಂಡ ವಿಟ್ಲಿ ಅವರ ಅಧ್ಯಕ್ಷತೆಯ ರಾಯಲ್ ಕಮಿಷನ್ 1931ರ ವರದಿಯಲ್ಲಿ ಈ ಪದ್ಧತಿಯನ್ನು ಟೀಕಿಸಿ, ಕಾರ್ಮಿಕರ ಭಾಷೆಯನ್ನು ಬಲ್ಲ ಕಾರ್ಮಿಕ ಅಧಿಕಾರಿಯನ್ನು ನೇಮಿಸಬೇಕೆಂದು ಸೂಚಿಸಿತು. ಮುಂದೆ 1946ರ ಸ್ಥಾಯಿ ಆದೇಶಗಳ ಕಾಯಿದೆಯು ಸೇವಾನಿಯಮಗಳನ್ನು ಇಂಗ್ಲಿಷಿನ ಜೊತೆಗೆ ಬಹುಸಂಖ್ಯ ಕಾರ್ಮಿಕರಿಗೆ ತಿಳಿಯುವ ಭಾಷೆಯಲ್ಲಿಯೂ ಪ್ರಕಟಿಸಬೇಕೆಂದು ವಿಧಿಸಿತು. 1948ರ ಕಾರ್ಖಾನೆ ಕಾಯಿದೆಯು 500 ಅಥವಾ ಅದಕ್ಕೂ ಹೆಚ್ಚು ಕಾರ್ಮಿಕರಿರುವಲ್ಲಿ ಕಲ್ಯಾಣಾಧಿಕಾರಿ ಇರಬೇಕೆಂದು ಗೊತ್ತುಪಡಿಸಿತು.

ಈ ಕಾಯಿದೆಗಳಲ್ಲಿ ಅಡಗಿರುವ ನೀತಿಯನ್ನು ಗಮನಿಸಬೇಕು. ಕೂಲಿಕಾರನು ಇಂಗ್ಲಿಷ್ ಕಲಿಯಬೇಕೆಂದು ಅವು ಹೇಳಲಿಲ್ಲ. ಮಾಲೀಕನು ಕೂಲಿಕಾರನ ಭಾಷೆಗೆ ಇಳಿದು ಬರಬೇಕೆಂದು ಹೇಳಿದವು. ಯಾರ ಕೈಯಲ್ಲಿ ಅಧಿಕಾರವಿದೆಯೋ ಅವರ ಮೇಲೆಯೇ ಅರ್ಥ ಮಾಡಿಸುವ ಮತ್ತು ಅರ್ಥ ಮಾಡಿಕೊಳ್ಳುವ ಹೊರೆ. ಇದು ದಯೆಯಲ್ಲ, ನ್ಯಾಯ. ಏಕೆಂದರೆ ತಪ್ಪು ತಿಳಿವಳಿಕೆಯಿಂದ ಯಜಮಾನನಿಗಾಗುವ ನಷ್ಟ ಹಣದ್ದು. ಆಳಿಗಾಗುವ ನಷ್ಟ ಅನ್ನದ್ದು.

ಆದರೆ ‘ಬಹುಸಂಖ್ಯರ ಭಾಷೆ’ ಎಂದಾಗ ಅಲ್ಪಸಂಖ್ಯರ ಗತಿಯೇನು? ಕಬ್ಬಿನ ಹಂಗಾಮು ಬಂದಿತೆಂದರೆ ಮರಾಠವಾಡಾದ ಬೀಡ್ ಮೊದಲಾದ ಬರಪ್ರದೇಶಗಳಿಂದ ಕಬ್ಬು ಕಡಿಯುವವರ ತಂಡಗಳು ಬೆಳಗಾವಿ ಜಿಲ್ಲೆಗೂ ಬರುತ್ತವೆ. ಅವರನ್ನು ಕರೆತರುವವನು ಮುಕಾದಮ. ಮುಂಗಡ ಹಣ ಕೊಡುವವನೂ ಲೆಕ್ಕ ಇಡುವವನೂ ಅವನೇ. ಅವರ ಲೆಕ್ಕದಲ್ಲಿ ಗಂಡ ಹೆಂಡಿರ ಜೋಡಿಗೆ ‘ಒಂದು ಕೊಯತಾ’ ಎನ್ನುತ್ತಾರೆ. ಕೊಯತಾ ಎಂದರೆ ಕಡಿಯುವ ಕತ್ತಿ. ಇಬ್ಬರು ದುಡಿದರೂ ಹೆಸರಿಗೆ ಕತ್ತಿ ಒಂದೇ. ಜಮಾಖರ್ಚು ಬಲ್ಲವರಿಗೆ ಇಲ್ಲಿಯ ದೋಷ ಕೂಡಲೇ ಕಾಣಬೇಕು. ಕೂಡಿಕೆಯಲ್ಲಿ ಪೈಸೆಯೂ ತಪ್ಪಿರಲಾರದು, ಆದರೆ ಒಬ್ಬ ಹೆಣ್ಣುಮಗಳು ಪುಸ್ತಕದಲ್ಲಿಯೇ ಇಲ್ಲ. ಅವಳು ಬಳಲಿದಳೆಂದು ಯಾರಿಗೆ ಹೇಳಬೇಕು, ಯಾವ ಭಾಷೆಯಲ್ಲಿ ಹೇಳಬೇಕು? ಗಿರಣಿಯ ಜಾಬರ್ ಇತಿಹಾಸಕ್ಕೆ ಸಂದರೂ ಹೊಲದ ಮುಕಾದಮ ಉಳಿದಿದ್ದಾನೆ.

ಸದಸ್ಯನೇ ಒಡೆಯನಾದಾಗ

ಯಜಮಾನ ಆಳು ಎಂಬ ಭೇದವಿಲ್ಲದ ಸಹಕಾರಿ ಸಂಘಗಳಲ್ಲಿ ಈ ತೊಡಕು ಇರಲಾರದೆಂದು ತೋರಬಹುದು. ಹುಕ್ಕೇರಿಯ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘವು 1969ರಲ್ಲಿ ಸ್ಥಾಪನೆಯಾಯಿತು. ಅಮೆರಿಕದ ಗ್ರಾಮೀಣ ವಿದ್ಯುತ್ ಸಹಕಾರಿಗಳ ಮಾದರಿಯಲ್ಲಿ ದೇಶದಲ್ಲಿ ಪ್ರಾಯೋಗಿಕವಾಗಿ ರೂಪಿಸಿದ ಐದು ಸಂಘಗಳಲ್ಲಿ ಇದೂ ಒಂದು. ಜೊತೆಯವುಗಳಲ್ಲಿ ಮಹಾರಾಷ್ಟ್ರದ ಮುಳಾ–ಪ್ರವರಾ 2011ರಲ್ಲಿ ತನ್ನ ವಿತರಣೆಯ ಹಕ್ಕನ್ನು ಕಳೆದುಕೊಂಡಿತು; ಹುಕ್ಕೇರಿಯ ಸಂಘ ಉಳಿದುಬಂದಿದೆ. ಅಮೆರಿಕದ ಮಾದರಿಯಲ್ಲಿ ಸದಸ್ಯನು ವಾರ್ಷಿಕ ಸಭೆಯಲ್ಲಿ ಎದ್ದು ನಿಂತು ಲೆಕ್ಕ ಕೇಳುತ್ತಾನೆಂಬ ನಂಬಿಕೆಯಿದೆ. ನಮ್ಮ ಹಳ್ಳಿಗಳ ರೂಢಿ ಬೇರೆ. ಯಾವುದೇ ಸಂಘದ ಮಹಾಸಭೆಯಲ್ಲಿ ಅಧ್ಯಕ್ಷರು ‘ಒಪ್ಪಿಗೆಯೇ?’ ಎಂದರೆ ಚಪ್ಪಾಳೆ ಬೀಳುತ್ತದೆ. ನಿಜವಾದ ಚರ್ಚೆ ನಡೆಯುವುದು ಸಭೆ ಮುಗಿದ ಮೇಲೆ, ಚಹಾದಂಗಡಿಯ ಕಟ್ಟೆಯಲ್ಲಿ. ಸದಸ್ಯನು ಕಾಗದದ ಮೇಲೆ ಒಡೆಯನಾದರೂ ಮನಸ್ಸಿನಲ್ಲಿ ಅಧ್ಯಕ್ಷರನ್ನೇ ‘ದಣಿ’ ಎಂದು ಭಾವಿಸಿರುತ್ತಾನೆ. ಆದ್ದರಿಂದ ಸರ್ವಾನುಮತದ ಠರಾವನ್ನು ಕಂಡು ಸಂತೋಷಪಡುವ ಮೊದಲು ಕಟ್ಟೆಯ ಮಾತು ಏನೆಂದು ವಿಚಾರಿಸುವುದು ಒಳ್ಳೆಯ ಆಡಳಿತಗಾರನ ಲಕ್ಷಣ.

ಒಂದು ಆಕ್ಷೇಪ

ಹೊಣೆಯನ್ನೆಲ್ಲ ಮೇಲಿನವರ ಮೇಲೆ ಹೊರಿಸಿದರೆ ಕೆಳಗಿನವರಿಗೆ ಕರ್ತವ್ಯವೇ ಇಲ್ಲವೇ ಎಂದು ಕೆಲವರು ಕೇಳಬಹುದು. ಆಕ್ಷೇಪದಲ್ಲಿ ತಥ್ಯವಿದೆ. ‘ನಮ್ಮ ರೂಢಿಯೇ ಹೀಗೆ’ ಎಂಬ ಮಾತು ಸೋಮಾರಿತನಕ್ಕೂ ವಚನಭಂಗಕ್ಕೂ ಮರೆಯಾಗಬಾರದು. ಆಗದ ಕೆಲಸವನ್ನು ಆಗದೆಂದು ವಿನಯದಿಂದ ಹೇಳಲು ಕಲಿಯುವುದು ಸತ್ಯವ್ರತದ ಭಾಗವೇ ಆಗಿದೆ. ಆದರೆ ಧೈರ್ಯಕ್ಕೆ ಆಸರೆ ಬೇಕು. ಒಮ್ಮೆ ನಿಜ ಹೇಳಿದ ಗುಮಾಸ್ತನು ಬೈಸಿಕೊಂಡರೆ ಅವನೊಂದಿಗೆ ಇಡೀ ಅಂಗಡಿ ಮೌನ ಕಲಿಯುತ್ತದೆ. ಕೆಳಗಿನವನ ಸತ್ಯಕ್ಕೆ ಮೇಲಿನವನ ಕ್ಷಮೆ ಆಧಾರ.

ಸ್ಯಾದ್ವಾದವನ್ನು ವಿದ್ವತ್ಸಭೆಯ ತರ್ಕವೆಂದು ಮಾತ್ರ ತಿಳಿಯುವುದು ಸರಿಯಲ್ಲ. ಒಂದು ವಾಕ್ಯವು ಯಾವ ದೃಷ್ಟಿಯಿಂದ, ಯಾವ ಅಪೇಕ್ಷೆಯಿಂದ ನಿಜವೆಂದು ವಿಚಾರಿಸದೆ ನಿರ್ಣಯಿಸಬಾರದೆಂಬ ಅದರ ಬೋಧೆ ಪೇಢಿಗೂ ಕಚೇರಿಗೂ ಸಲ್ಲುತ್ತದೆ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಸತ್ಯಾಣುವ್ರತದ ಅತಿಚಾರಗಳಲ್ಲಿ ಕೂಟಲೇಖಕ್ರಿಯೆಯನ್ನು, ಎಂದರೆ ಸುಳ್ಳು ಬರಹವನ್ನು ಎಣಿಸಿದೆ. ಓದಿ ಹೇಳದ ಕರಾರಿಗೆ ಹೆಬ್ಬೆಟ್ಟು ಒತ್ತಿಸಿಕೊಳ್ಳುವುದು, ತಿಳಿಯದ ಭಾಷೆಯ ನಮೂನೆಗೆ ಸಹಿ ಪಡೆಯುವುದು, ಹೆದರಿಕೆಯ ‘ಆತ್ರಿ’ಯನ್ನು ಸಮ್ಮತಿಯೆಂದು ದಾಖಲಿಸುವುದು ಇವು ಕೂಟಲೇಖಕ್ಕೆ ಬಹು ದೂರದವಲ್ಲ. ಅಕ್ಷರ ಸುಳ್ಳಲ್ಲದಿರಬಹುದು, ದಾಖಲೆ ಸುಳ್ಳಾಗುತ್ತದೆ.

ಆಚರಣೆಗೆ ಕಷ್ಟವೇನೂ ಇಲ್ಲ. ‘ಸರಕು ಶನಿವಾರ ಮುಟ್ಟುವುದೇ?’ ಎಂದು ಕೇಳಿದರೆ ‘ಆತ್ರಿ’ ಎಂಬ ಉತ್ತರವೇ ಬರುತ್ತದೆ. ‘ಶನಿವಾರ ಮುಟ್ಟಬೇಕಾದರೆ ಏನೇನು ಆಗಬೇಕು?’ ಎಂದು ಕೇಳಿದರೆ ಲಾರಿ ಸಿಕ್ಕಿಲ್ಲವೆಂಬ ಸಂಗತಿ ತಾನಾಗಿ ಹೊರಬೀಳುತ್ತದೆ. ಸಭೆಯಲ್ಲಿ ಕಿರಿಯರ ಅಭಿಪ್ರಾಯವನ್ನು ಮೊದಲು ಕೇಳಿ, ಹಿರಿಯರು ಕೊನೆಗೆ ಮಾತನಾಡಬೇಕು. ತಪ್ಪನ್ನು ನಾಲ್ವರ ಮುಂದೆ ಎತ್ತಿ ಆಡದೆ ಏಕಾಂತದಲ್ಲಿ ತಿಳಿಸಬೇಕು. ಕರಾರನ್ನು ಸಹಿಗೆ ಮೊದಲು ದುಡಿಯುವವನ ಭಾಷೆಯಲ್ಲಿ ಓದಿ ಹೇಳಿಸಬೇಕು. ಮಧ್ಯಸ್ಥನ ಮೂಲಕ ನಡೆಯುವ ಕೆಲಸವಾದರೆ ವರ್ಷಕ್ಕೊಮ್ಮೆಯಾದರೂ ಅವನನ್ನು ಬದಿಗಿರಿಸಿ ದುಡಿಯುವವರನ್ನು, ಹೆಂಗಸರನ್ನೂ ಒಳಗೊಂಡು, ನೇರವಾಗಿ ವಿಚಾರಿಸಬೇಕು.

ದೀಪಾವಳಿಯಲ್ಲಿ ಹೊಸ ಖಾತೆಕಿರ್ದಿಗಳನ್ನು ಪೂಜಿಸುವ ವರ್ತಕರು ಬಾಕಿ ಬರಬೇಕಾದ ಹಣವನ್ನು ಬಹು ಎಚ್ಚರದಿಂದ ಪರಿಶೀಲಿಸುತ್ತಾರೆ. ತಮ್ಮ ಆಶ್ರಯದಲ್ಲಿ ದುಡಿಯುವವರು ಹೇಳಬೇಕೆಂದು ಹೇಳದೆ ಉಳಿಸಿಕೊಂಡ ಮಾತೂ ಒಂದು ಬಾಕಿಯೇ. ಅದು ಯಜಮಾನರ ಹೆಸರಿಗೆ ಖರ್ಚು ಬೀಳುವ ಬಾಕಿ. ಅದನ್ನು ಕೇಳಿ ತೀರಿಸುವುದು ಅವರಿಗೆ ಧರ್ಮವಾಗಿದೆ.