ಎಳೆಯರ ಓದು, ಹಿರಿಯರ ಹೊಣೆ

ಮಕ್ಕಳ ಅನ್ನವಸ್ತ್ರಗಳನ್ನು ಎಚ್ಚರಿಕೆಯಿಂದ ಆರಿಸುವ ಗೃಹಸ್ಥನು ಅವರು ಓದುವ ಪುಸ್ತಕಗಳ ವಿಷಯದಲ್ಲಿ ಅಷ್ಟು ಎಚ್ಚರಿಕೆ ವಹಿಸುವುದು ಅಪೂರ್ವ. ಅಚ್ಚು ಅಂದವಾಗಿರಬೇಕು, ಅಶ್ಲೀಲವಿರಬಾರದು. ಇಷ್ಟಾದರೆ ಸಾಕೆಂದು ತಿಳಿಯುವನು. ಆದರೆ ಹತ್ತರಿಂದ ಹದಿನೆಂಟರವರೆಗಿನ ವಯಸ್ಸು ಕೇಳಿದುದನ್ನೆಲ್ಲ ನಂಬುವ ಬಾಲ್ಯವೂ ಅಲ್ಲ, ಎಲ್ಲವನ್ನೂ ತೂಗಿ ನೋಡುವ ಪ್ರೌಢಿಯೂ ಅಲ್ಲ. ‘ನಾನು ಯಾರು? ನನ್ನಿಂದ ಏನಾಗಬಲ್ಲದು?’ ಎಂಬ ಪ್ರಶ್ನೆ ಏಳುವ ಕಾಲವದು. ಆಗ ಓದಿದ ಕಥೆಯೇ ಎಷ್ಟೋ ಸಲ ಮೊದಲ ಉತ್ತರವಾಗುವುದು. ಆದುದರಿಂದ ಪುಸ್ತಕದ ಆಯ್ಕೆ ಬರಿಯ ರುಚಿಯ ಪ್ರಶ್ನೆಯಲ್ಲ, ನೀತಿಯ ಪ್ರಶ್ನೆ.

ಎಷ್ಟೋ ಕಥೆಗಳಲ್ಲಿ ಹುಡುಗನು ಕಾಡು ಹೊಗುವನು, ಕಳ್ಳರನ್ನು ಹಿಡಿಯುವನು. ಹುಡುಗಿಯು ಬಾಗಿಲಲ್ಲಿ ನಿಂತು ಅವನ ದಾರಿ ಕಾಯುವಳು. ಅಲ್ಲಿ ಕೆಟ್ಟ ಮಾತೊಂದೂ ಇರುವುದಿಲ್ಲ. ಆದರೂ ಇಂತಹ ಹತ್ತು ಕಥೆ ಓದಿದ ಹುಡುಗಿ ಕಾಯುವುದೇ ತನ್ನ ಕಾಯಕವೆಂದು ಭಾವಿಸುವಳು; ಹುಡುಗನು ತನಗಾಗಿ ಕಾಯುವವರು ಇದ್ದೇ ಇರುವರೆಂದು ಬಗೆಯುವನು. ಹೇಳದೆ ಬಿಟ್ಟುದೂ ಒಂದು ಬೋಧೆಯೇ ಅಲ್ಲವೆ?

ಈ ಮೌನದ ಅಳತೆಯನ್ನು ಅಮೆರಿಕದಲ್ಲಿ ನ್ಯಾನ್ಸಿ ಲ್ಯಾರಿಕ್ ಎಂಬಾಕೆ 1965ರಲ್ಲಿ ಲೆಕ್ಕಹಾಕಿ ತೋರಿಸಿದಳು. 1962ರಿಂದ 1964ರವರೆಗೆ ಪ್ರಕಟವಾದ 5,206 ಮಕ್ಕಳ ಪುಸ್ತಕಗಳಲ್ಲಿ ಕರಿಯ ಜನಾಂಗದ ಒಬ್ಬರಾದರೂ ಕಾಣಿಸಿಕೊಂಡವು 349 ಮಾತ್ರ. ಮುಂದೆ 1990ರಲ್ಲಿ ರುಡಿನ್ ಸಿಮ್ಸ್ ಬಿಷಪ್ ಎಂಬ ವಿದುಷಿ, ಪುಸ್ತಕವು ಮಗುವಿಗೆ ಕನ್ನಡಿಯೂ ಆಗಬೇಕು, ಕಿಟಕಿಯೂ ಆಗಬೇಕು ಎಂದು ವಿವೇಚಿಸಿದಳು. ಕನ್ನಡಿಯೇ ದೊರೆಯದ ಮಗು ತಾನು ಗಣನೆಗೆ ಬಾರದವನೆಂದು ಕುಗ್ಗುವುದು; ಕನ್ನಡಿಯೊಂದನ್ನೇ ಕಂಡ ಮಗು ತಾನೇ ಲೋಕವೆಂದು ಬೀಗುವುದು. ಎರಡೂ ಕೇಡೇ.

ಇಂತಹ ಪುಸ್ತಕಗಳು ಹೆಣ್ಣುಮಕ್ಕಳನ್ನು ಮನೆಗೆ ಎರವಾಗಿಸುವುವೆಂದು ಕೆಲವರು ಶಂಕಿಸುವರು. ಆದರೆ ಶರಣರ ಮನೆಗಳನ್ನೇ ನೋಡಬಹುದು. ಗಂಡನು ಅಗತ್ಯಕ್ಕೆ ಮೀರಿ ಅಕ್ಕಿಯನ್ನು ಆಯ್ದು ತಂದಾಗ, ಅದನ್ನು ಹಿಂದಿರುಗಿಸೆಂದು ತಿದ್ದಿದವಳು ಆಯ್ದಕ್ಕಿ ಲಕ್ಕಮ್ಮ. ಅದರಿಂದ ಮನೆ ಒಡೆಯಲಿಲ್ಲ, ಎತ್ತರಕ್ಕೇರಿತು. ಕೊಟ್ಟಣ ಕುಟ್ಟುವ ಸೋಮವ್ವೆ, ನೂಲುವ ರೆಮ್ಮವ್ವೆ, ಸೂಳೆ ಸಂಕವ್ವೆ ಇವರ ಮಾತುಗಳೂ ವಚನಗಳಾಗಿ ಉಳಿದಿವೆ. ಅಕ್ಕಮಹಾದೇವಿಯ ಹೆಸರನ್ನು ಮಾತ್ರ ಹೇಳಿ ಇವರನ್ನು ಮರೆಯುವುದೂ ಪಕ್ಷಪಾತವೇ.

ಇಂತಹ ಪುಸ್ತಕಗಳು ಹುಡುಗಿಯರಿಗೆ ಮಾತ್ರವೆಂಬುದೂ ಭ್ರಮೆ. ಬೇಗಂ ರೊಕೇಯಾ 1905ರಲ್ಲಿ ಬರೆದ ‘ಸುಲ್ತಾನಾಸ್ ಡ್ರೀಮ್’ ಕಥೆಯಲ್ಲಿ ಗಂಡಸರು ಅಂತಃಪುರದಲ್ಲಿರುವರು, ಹೆಂಗಸರು ವಿಜ್ಞಾನಬಲದಿಂದ ನಾಡನ್ನು ನಡೆಸುವರು. ಅದನ್ನು ಓದುವ ಹುಡುಗನು ಮೊದಲು ನಗುವನು. ಬಳಿಕ ಅದೇ ಬಂಧನ ಅಕ್ಕತಂಗಿಯರಿಗೆ ಇದ್ದಾಗ ತನಗೇಕೆ ವಿಚಿತ್ರವೆನಿಸಲಿಲ್ಲವೆಂದು ಯೋಚಿಸುವನು. ಆ ಯೋಚನೆ ಅವನಿಗೇ ಹೆಚ್ಚು ಅವಶ್ಯಕ.

ಆರಿಸುವಾಗ ಮೂರು ಪ್ರಶ್ನೆ ಸಾಕು. ಕಥೆಯಲ್ಲಿ ನಿರ್ಧರಿಸುವವರು ಯಾರು? ಯಾರ ದುಡಿಮೆಗೆ ಗೌರವ ದೊರೆತಿದೆ? ಬಡವನಾಗಲಿ ಪರಮತದವನಾಗಲಿ ಕೇವಲ ಕನಿಕರದ ವಸ್ತುವಾಗಿರುವನೇ, ತನ್ನದೇ ಮನಸ್ಸುಳ್ಳ ಮನುಷ್ಯನಾಗಿರುವನೇ? ಆದರೆ ಉಪದೇಶವನ್ನೇ ತುಂಬಿದ ಪುಸ್ತಕವೂ ಬೇಡ. ತಪ್ಪನ್ನೇ ಮಾಡದ ನಾಯಕಿಯೂ ಒಂದು ಬೊಂಬೆಯೇ. ಎಡವಿ ಏಳುವವಳೇ ಎಳೆಯರಿಗೆ ಗೆಳತಿಯಾಗುವಳು.

ಕೊನೆಗೆ ಆರಿಸುವವನ ಪರೀಕ್ಷೆಯೂ ಇದೆ. ಸಮತೆಯ ಪುಸ್ತಕವನ್ನು ಮಗಳ ಕೈಗಿತ್ತ ತಂದೆ, ಅವಳು ಅದನ್ನು ಓದಿ ಪ್ರಶ್ನೆ ಕೇಳಿದಾಗ ಗದರಿದರೆ, ಪುಸ್ತಕವನ್ನು ಕೊಟ್ಟೂ ಕಸಿದುಕೊಂಡಂತೆ. ನುಡಿಯಲ್ಲಿ ಒಪ್ಪಿದುದನ್ನು ನಡೆಯಲ್ಲಿ ಸಹಿಸುವುದೇ ಹಿರಿಯರ ನಿಜವಾದ ಹೊಣೆ.